ಹೊಳೆಮೀನಿನ ಉಳಿವಿನ ಲೆಕ್ಕ

1873ನೆಯ ಇಸವಿಯಲ್ಲಿ ಮಂಗಳೂರಿನಿಂದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಇಂಗ್ಲಿಷ್ ಪುಸ್ತಕವೊಂದು ಹೊರಬಿದ್ದಿತು. ಬರೆದವರು ಮದರಾಸು ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್. ದಕ್ಷಿಣ ಕನ್ನಡ ಜಿಲ್ಲೆಯ ಕಲೆಕ್ಟರರಾಗಿ ಕೆಲಸ ಮಾಡಿದವರು. ಹೆಸರಿನಿಂದ ಅದು ಗಾಳದ ಮೋಜುಗಾರರ ಕೈಪಿಡಿಯೆಂದು ತೋರಿದರೂ, ಅದರ ಬೇರು ಇರುವುದು ಮೂರು ವರ್ಷ ಮೊದಲು, 1870ರಲ್ಲಿ, ದಕ್ಷಿಣ ಕನ್ನಡದ ಮೀನು ಸಾಕಣೆಯ ಬಗ್ಗೆ ಅದೇ ಥಾಮಸರು ಬರೆದ ವರದಿಯಲ್ಲಿ. ಹೊಳೆಗಳಲ್ಲಿ ಮೀನು ಕಡಿಮೆಯಾಗುತ್ತಿದೆ, ಮರಿಗಳು ದೊಡ್ಡವಾಗುವುದಕ್ಕೆ ಮೊದಲೇ ಕಿರುಗಣ್ಣಿನ ಬಲೆಗೂ ಮದ್ದಿಗೂ ಬಲಿಯಾಗುತ್ತಿವೆ ಎಂಬುದು ಅವರ ವಾದ. ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ತೋಡುಗಳಿಂದ ಗದ್ದೆಗೆ ಏರಿಬರುವುದನ್ನೂ, ಅಂಚಿನ ಕಂಡಿಯಲ್ಲಿ ಕೂಳಿ ಒಡ್ಡಿ ಬೆಳಗಾಗುವುದರೊಳಗೆ ಬುಟ್ಟಿ ತುಂಬುವುದನ್ನೂ, ಬೇಸಿಗೆಯ ಮಡುವಿಗೆ ಕಾರೆಕಾಯಿ ಜಜ್ಜಿ ಕದಡುವುದನ್ನೂ ಬಲ್ಲ ನಮ್ಮ ಕಡೆಯ ಓದುಗರಿಗೆ ಈ ಮಾತು ಹೊಸದಲ್ಲ.

ಆದರೆ ಒಂದು ಪ್ರಶ್ನೆಯನ್ನು ಕೇಳದೆ ಗತ್ಯಂತರವಿಲ್ಲ. ಮೀನು ಕಡಿಮೆಯಾಗಿದೆ ಎಂದು ಕಲೆಕ್ಟರರಿಗೆ ತಿಳಿದದ್ದು ಹೇಗೆ? ಎಷ್ಟಿದ್ದದ್ದು ಎಷ್ಟಾಯಿತು? ನೂರು ಮರಿಗಳಲ್ಲಿ ಎಷ್ಟು ಬದುಕಿ ಉಳಿಯುತ್ತಿದ್ದವು? ದನವನ್ನು ಕೊಟ್ಟಿಗೆಯಲ್ಲಿ ಎಣಿಸಬಹುದು, ತೆಂಗನ್ನು ತೋಟದಲ್ಲಿ ಎಣಿಸಬಹುದು. ಹರಿಯುವ ನೀರಿನೊಳಗಿನ, ಕಣ್ಣಿಗೆ ಕಾಣದ, ನಿಂತಲ್ಲಿ ನಿಲ್ಲದ ಜೀವಿಯನ್ನು ಎಣಿಸುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಮನುಷ್ಯನಿಗೆ ಸುಮಾರು ನೂರು ವರ್ಷ ಹಿಡಿಯಿತು. ಆ ಇತಿಹಾಸದ ಒಂದೆರಡು ಕವಲುಗಳು ಕನ್ನಡನಾಡಿನ ನೀರಿನಲ್ಲಿಯೂ, ಒಂದು ಕವಲು ಮುಂಬಯಿಯಲ್ಲಿಯೂ ಹರಿದಿರುವುದರಿಂದ ಅದನ್ನು ಇಲ್ಲಿ ವಿವರಿಸುವ ಯತ್ನ ಮಾಡಿದ್ದೇನೆ.

ಥಾಮಸರ ಸಮಕಾಲೀನರಾದ ಡಾಕ್ಟರ್ ಫ್ರಾನ್ಸಿಸ್ ಡೇ ಅವರು ಮದರಾಸು ಸೇನೆಯ ವೈದ್ಯರು. ಮುಂದೆ ಭಾರತದ ಮೀನುಗಾರಿಕೆಯ ಇನ್‌ಸ್ಪೆಕ್ಟರ್ ಜನರಲ್ ಆದವರು. ಸಿಹಿನೀರಿನ ಮೀನಿನ ವಿಷಯವಾಗಿ 1873ರಲ್ಲಿ ಅವರು ಪ್ರಕಟಿಸಿದ ವರದಿಗೆ ಆಧಾರ ಬಹುಮಟ್ಟಿಗೆ ಜಿಲ್ಲೆಯ ಅಧಿಕಾರಿಗಳೂ ಅವರ ಕೈಕೆಳಗಿನ ರೆವಿನ್ಯೂ ನೌಕರರೂ ಕಳಿಸಿದ ಉತ್ತರಗಳು. ಮೀನು ಹೆಚ್ಚಿದೆಯೆ, ಕಡಿಮೆಯಾಗಿದೆಯೆ, ಮರಿಗಳನ್ನು ಹಿಡಿಯುತ್ತಾರೆಯೆ, ಬಲೆಯ ಕಣ್ಣು ಎಷ್ಟು ದೊಡ್ಡದು ಎಂಬಂಥ ಪ್ರಶ್ನೆಗಳಿಗೆ ಊರೂರಿನಿಂದ ಬಂದ ಅಭಿಪ್ರಾಯಗಳ ಸಂಗ್ರಹ ಅದು. ಅಭಿಪ್ರಾಯವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಬೆಸ್ತನ ಮಾತಿನಲ್ಲಿ ಮೂರು ತಲೆಮಾರಿನ ಅನುಭವವಿರುತ್ತದೆ. ಆದರೆ ಅಭಿಪ್ರಾಯಕ್ಕೆ ಆರಂಭದ ಶಿಲ್ಕು ಇರುವುದಿಲ್ಲ; ಅದಿಲ್ಲದೆ ಯಾವ ಖಾತೆಯೂ ತಾಳೆಯಾಗದು. ಈ ಬಗೆಯ ಅಭಿಪ್ರಾಯಗಳ ಬಲದ ಮೇಲೆಯೇ ಕಾನೂನುಗಳು ಬಂದವು. ನೀಲಗಿರಿಯಲ್ಲಿ ಬೇಟೆಯನ್ನೂ ಮೀನನ್ನೂ ರಕ್ಷಿಸುವ ಮದರಾಸಿನ ಶಾಸನ 1879ರಲ್ಲಿ, ಸ್ಫೋಟಕ ಹಾಗೂ ವಿಷವನ್ನು ನಿಷೇಧಿಸಿದ ಅಖಿಲ ಭಾರತ ಮೀನುಗಾರಿಕೆಯ ಶಾಸನ 1897ರಲ್ಲಿ ಜಾರಿಗೆ ಬಂದವು. ಕಾನೂನು ಸರಿಯಾದದ್ದೇ. ಅದರಿಂದ ಮೀನು ಎಷ್ಟು ಉಳಿಯಿತೆಂದು ಹೇಳಬಲ್ಲವರು ಮಾತ್ರ ಯಾರೂ ಇರಲಿಲ್ಲ.

ನೀಲಗಿರಿಯ ಪ್ರಸ್ತಾಪ ಬಂದದ್ದರಿಂದ ಅಲ್ಲಿಯ ಕಥೆಯನ್ನು ತುಸು ವಿಸ್ತಾರವಾಗಿ ಹೇಳಬೇಕು. ಬಡಗರ ಮಾತು ಕನ್ನಡದ ಒಡಹುಟ್ಟು. ಮೈಸೂರಿನ ಗಡಿಗೆ ತಾಗಿದ ಆ ಬೆಟ್ಟಗಳು ಭಾಷಾದೃಷ್ಟಿಯಿಂದ ನಮಗೆ ಪರಕೀಯವಲ್ಲ. ಅಲ್ಲಿಯ ತಣ್ಣೀರಿನ ತೊರೆಗಳನ್ನು ಕಂಡ ಇಂಗ್ಲಿಷರಿಗೆ ತಮ್ಮ ನಾಡಿನ ಟ್ರೌಟ್ ಮೀನು ನೆನಪಾಯಿತು. ಡಾಕ್ಟರ್ ಡೇ ಅವರೇ 1863ರಲ್ಲಿ ಇಂಗ್ಲೆಂಡಿನಿಂದ ಅದನ್ನು ತರುವ ಯತ್ನ ಮಾಡಿದರು, ಅದು ಫಲಿಸಲಿಲ್ಲ. ಮರುವರ್ಷ, 1864ರಲ್ಲಿ, ಇಂಗ್ಲೆಂಡಿನಿಂದ ಹೊರಟ ‘ನಾರ್ಫೋಕ್’ ಎಂಬ ಹಡಗಿನಲ್ಲಿ ಪಾಚಿಯೊಳಗೆ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು ಕಳಿಸಿದ ತತ್ತಿಗಳು ಸಮಭಾಜಕವೃತ್ತವನ್ನು ದಾಟಿ ಟಾಸ್ಮೇನಿಯದಲ್ಲಿ ಮರಿಯಾದವು. ಅಲ್ಲಿಂದ 1867ರಲ್ಲಿ ನ್ಯೂಜಿಲೆಂಡಿಗೆ ಹೋದವು. ಈ ವಲಸೆಗಾರ ಮೀನಿನ ಸಂತತಿಯನ್ನು ನಾವು ಮತ್ತೆ ಭೇಟಿಯಾಗಲಿದ್ದೇವೆ. ನೀಲಗಿರಿಯಲ್ಲಿ ಮಾತ್ರ ಯಶಸ್ಸು ತಡವಾಗಿ ಬಂದಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಎಂಬವರು ಕೈಹಿಡಿದು, 1907ರಲ್ಲಿ ಅವಲಾಂಚಿಯಲ್ಲಿ ತತ್ತಿ ಮರಿಮಾಡುವ ಕೇಂದ್ರವನ್ನು ಸ್ಥಾಪಿಸಿದ ಮೇಲೆ ಕಾಮನಬಿಲ್ಲಿನ ಬಣ್ಣದ ರೇನ್‌ಬೋ ಟ್ರೌಟ್ ಅಲ್ಲಿಯ ತೊರೆಗಳಲ್ಲಿ ನೆಲೆನಿಂತಿತು. ಕಂದು ಟ್ರೌಟ್ ಅಲ್ಲಿ ಬೇರು ಬಿಡಲಿಲ್ಲ.

ನೆಲೆನಿಂತಿತು ಎಂದರೇನು? ಮೀನಿನ ಇಲಾಖೆಗಳು ಸಾಮಾನ್ಯವಾಗಿ ಬಿಟ್ಟ ಮರಿಗಳ ಲೆಕ್ಕವನ್ನು ಪ್ರಕಟಿಸುತ್ತವೆ. ಇಂತಿಷ್ಟು ಸಾವಿರ ಮರಿಗಳನ್ನು ಇಂಥ ಹೊಳೆಗೆ ಬಿಡಲಾಯಿತು ಎಂದು ಓದಿದಾಗ ಬ್ಯಾಂಕಿನ ನೌಕರನಾದ ನನಗೆ ನಗು ಬರುತ್ತದೆ. ಕೊಟ್ಟ ಸಾಲವನ್ನೇ ವಸೂಲಾದ ಸಾಲವೆಂದು ಬರೆದಂತಾಯಿತು ಅದು. ಬಿಟ್ಟದ್ದು ಖರ್ಚಿನ ಬಾಬತ್ತು; ವರ್ಷದ ಕೊನೆಗೆ ಉಳಿದದ್ದು ಎಷ್ಟು ಎಂಬುದೇ ನಿಜವಾದ ಪ್ರಶ್ನೆ.

ಇದಕ್ಕೆ ಉಪಾಯ ಹೊಳೆದದ್ದು ಮೊದಲು ಮೀನಿನ ಸಂಬಂಧವಾಗಿ ಅಲ್ಲ, ಮನುಷ್ಯನ ಸಂಬಂಧವಾಗಿ. ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1802ರಲ್ಲಿ ಇಡೀ ಫ್ರಾನ್ಸನ್ನು ಎಣಿಸದೆಯೇ ಅದರ ಜನಸಂಖ್ಯೆಯನ್ನು ಅಂದಾಜು ಮಾಡಿದನು. ಆರಿಸಿದ ಕೆಲವು ಪ್ರದೇಶಗಳಲ್ಲಿ ಒಂದು ಜನನಕ್ಕೆ ಎಷ್ಟು ಜನ ಎಂಬ ಪ್ರಮಾಣವನ್ನು ಕಂಡುಹಿಡಿದು, ದೇಶದ ಒಟ್ಟು ಜನನಗಳನ್ನು ಅದರಿಂದ ಗುಣಿಸಿದನು. ಸುಮಾರು 2 ಕೋಟಿ 80 ಲಕ್ಷ ಎಂಬ ಉತ್ತರ ಬಂದಿತು. ಭಾಗದಿಂದ ಪೂರ್ಣವನ್ನು ಹಿಡಿಯುವ ಈ ಬುದ್ಧಿಯನ್ನೇ ಡೆನ್ಮಾರ್ಕಿನ ಪೀಟರ್ಸನ್ 1896ರ ಹೊತ್ತಿಗೆ ಸಮುದ್ರದ ಚಪ್ಪಟೆಮೀನಿಗೆ ಗುರುತು ಕಟ್ಟಿ ಬಿಡುವ ಮೂಲಕ ನೀರಿಗಿಳಿಸಿದನು. ನಾರ್ವೆಯ ಕ್ನೂಟ್ ದಾಲ್ ಮೊದಲ ಮಹಾಯುದ್ಧದ ಕಾಲಕ್ಕೆ ಬೆಟ್ಟದ ಸಣ್ಣ ಕೊಳಗಳ ಟ್ರೌಟ್ ಮೀನುಗಳನ್ನು ಅದೇ ದಾರಿಯಲ್ಲಿ ಎಣಿಸಿದನು.

ವಿಧಾನ ಬಹು ಸರಳ. ಒಂದು ಮಡುವಿನಲ್ಲಿ 40 ಮೀನು ಹಿಡಿದು, ಈಜುರೆಕ್ಕೆಯ ತುದಿಯನ್ನು ಕತ್ತರಿಸಿ ಗುರುತು ಮಾಡಿ ಬಿಡುತ್ತೇವೆ ಎಂದಿಟ್ಟುಕೊಳ್ಳಿ. ಕೆಲವು ದಿನ ಕಳೆದು ಮತ್ತೆ ಬಲೆ ಬೀಸಿದಾಗ 60 ಮೀನು ಸಿಕ್ಕಿ, ಅವುಗಳಲ್ಲಿ 12ಕ್ಕೆ ಗುರುತು ಇತ್ತು. ಅಂದರೆ ಸಿಕ್ಕವುಗಳಲ್ಲಿ ಐದರಲ್ಲೊಂದು ಗುರುತಿನದು. ಹಾಗಾದರೆ ಇಡೀ ಮಡುವಿನಲ್ಲಿಯೂ ಐದರಲ್ಲೊಂದು ಗುರುತಿನದಾಗಿರಬೇಕು. ಗುರುತಿನವು 40 ಆದ್ದರಿಂದ ಒಟ್ಟು ಮೀನು 200. ಚಿಕ್ಕ ತೊರೆಗಳಿಗೆ ಇನ್ನೂ ಸುಲಭವಾದ ಮತ್ತೊಂದು ದಾರಿಯನ್ನು ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ಡಿಲ್ಯೂರಿ, ಮೊರಾನ್, ಜಿಪ್ಪಿನ್ ಮೊದಲಾದವರು ರೂಪಿಸಿದರು. ತೊರೆಯ ಒಂದು ತುಂಡಿಗೆ ಎರಡೂ ಕಡೆ ಬಲೆಯ ತಡೆಹಾಕಿ ಮೀನುಗಳನ್ನು ಹಿಡಿದು ಹೊರಗಿಡುವುದು, ಮೊದಲ ಸಲ 60, ಎರಡನೆಯ ಸಲ 30, ಮೂರನೆಯ ಸಲ 15 ಸಿಕ್ಕರೆ, ಪ್ರತಿ ಸಲವೂ ಇದ್ದುದರಲ್ಲಿ ಅರ್ಧ ಸಿಗುತ್ತಿದೆ ಎಂದಾಯಿತು, ಒಟ್ಟು 120. ಈಗ ಬಲೆಗೆ ಬದಲಾಗಿ ವಿದ್ಯುತ್ ಪ್ರವಾಹವನ್ನು ನೀರಿಗೆ ಹಾಯಿಸಿ, ಮೀನನ್ನು ಕ್ಷಣಕಾಲ ಮೂರ್ಛೆಗೊಳಿಸಿ ಎತ್ತಿಕೊಳ್ಳುವ ಪದ್ಧತಿ ಪಾಶ್ಚಾತ್ಯ ದೇಶಗಳಲ್ಲಿ ರೂಢವಾಗಿದೆ.

ಇಷ್ಟರಿಂದ ಸಂಖ್ಯೆ ತಿಳಿಯಿತೇ ಹೊರತು ಉಳಿವು ತಿಳಿಯಲಿಲ್ಲ. ಆ ದಿಕ್ಕಿನಲ್ಲಿ ಮಹತ್ತ್ವದ ಹೆಜ್ಜೆ ನ್ಯೂಜಿಲೆಂಡಿನ ವೆಲಿಂಗ್ಟನ್ ನಗರದ ಸಮೀಪದ ಹೊರೊಕಿವಿ ಎಂಬ ತೊರೆಯಲ್ಲಿ ಬಿದ್ದಿತು. ಟಾಸ್ಮೇನಿಯದಿಂದ ಹೋದ ಕಂದು ಟ್ರೌಟಿನ ವಂಶ ಅಲ್ಲಿ ಕಾಡುಮೀನಾಗಿ ಬೆಳೆದಿತ್ತು. ಕೆ. ಆರ್. ಆಲೆನ್ ಅದನ್ನು ವರ್ಷಗಳ ಕಾಲ ಅಭ್ಯಾಸ ಮಾಡಿ 1951ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಆಧಾರಗ್ರಂಥಗಳಲ್ಲೊಂದು. ಹುರುಪೆಗಳ ಮೇಲಿನ ಬಳೆಗಳನ್ನು ಮರದ ಕಾಂಡದ ಬಳೆಗಳಂತೆ ಎಣಿಸಿ ವಯಸ್ಸು ತಿಳಿದು, ವಯಸ್ಸಿಗೆ ಎಷ್ಟೆಂದು ಲೆಕ್ಕಹಾಕಿ, ಒಂದು ವರ್ಷದ ಮರಿಗಳ ತಂಡ ಕಾಲಾನುಕ್ರಮದಲ್ಲಿ ಹೇಗೆ ಕರಗುತ್ತದೆಂಬುದನ್ನು ಆತ ತೋರಿಸಿದನು. ಮೊದಲ ಆರು ತಿಂಗಳಲ್ಲಿಯೇ ನೂರರಲ್ಲಿ ಒಂದೆರಡನ್ನು ಬಿಟ್ಟು ಮಿಕ್ಕವೆಲ್ಲ ಅಳಿಯುತ್ತವೆ ಎಂಬುದು ಓದಿದವರನ್ನು ಬೆಚ್ಚಿಬೀಳಿಸುವ ಸಂಗತಿ. ಯಾವ ಬೆಸ್ತನೂ ಮುಟ್ಟದ, ಯಾವ ಕಾರೆಕಾಯಿಯೂ ಬೀಳದ ನೀರಿನಲ್ಲಿ ಇಷ್ಟು ಸಾವು! ಥಾಮಸರು ಇದನ್ನು ಕಂಡಿದ್ದರೆ ಅವರ ವಾದ ಸಡಿಲವಾಗುತ್ತಿತ್ತೆಂದು ಕೆಲವರು ಹೇಳಬಹುದು. ನಾನು ಒಪ್ಪಲಾರೆ. ಸಹಜವಾಗಿ ಉಳಿಯುವುದೇ ನೂರಕ್ಕೆ ಎರಡಾದಾಗ, ಆ ಎರಡರಲ್ಲಿ ಒಂದನ್ನು ಕೂಳಿ ಹಿಡಿದರೆ ಸಂತಾನ ಅರ್ಧಕ್ಕಿಳಿಯುತ್ತದೆ. ಆದರೆ ಸಾಯಲಿದ್ದ ತೊಂಬತ್ತೆಂಟರಲ್ಲಿ ಹತ್ತನ್ನು ಹಿಡಿದರೆ ಏನೂ ವ್ಯತ್ಯಾಸವಾಗದೆಯೂ ಇರಬಹುದು. ಹಿಡಿದ ಕಾಲವಾವುದು, ಹಿಡಿದ ಮೀನಿನ ವಯಸ್ಸೆಷ್ಟು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕಾಲವನ್ನು ಲೆಕ್ಕಿಸದ ಕಾನೂನು ಬಡವನ ಕೂಳಿಯನ್ನು ಮುರಿಯುತ್ತದೆ, ಮೀನನ್ನು ಉಳಿಸುತ್ತದೆಂಬ ಭರವಸೆಯಿಲ್ಲ.

ಗುರುತಿನ ಮೀನುಗಳಿಂದ ಉಳಿವನ್ನು ನೇರವಾಗಿ ಅಳೆಯುವ ಯುಕ್ತಿ ಇನ್ನೂ ಸೊಗಸಾದದ್ದು. ಮೊದಲ ವರ್ಷ 100 ಮೀನಿಗೆ ಕೆಂಪು ಗುರುತು, ಎರಡನೆಯ ವರ್ಷ 80 ಮೀನಿಗೆ ಹಸಿರು ಗುರುತು ಹಾಕಿ ಬಿಟ್ಟೆವು ಎನ್ನೋಣ. ಮೂರನೆಯ ವರ್ಷದ ಬಲೆಗೆ ಕೆಂಪಿನವು 15, ಹಸಿರಿನವು 30 ಸಿಕ್ಕವು. ಕೆಂಪಿನಲ್ಲಿ ನೂರಕ್ಕೆ 15, ಹಸಿರಿನಲ್ಲಿ ನೂರಕ್ಕೆ ಮೂವತ್ತೇಳೂವರೆ. ಎರಡನೆಯ ವರ್ಷದಿಂದ ಮೂರನೆಯ ವರ್ಷದವರೆಗಿನ ಕಷ್ಟನಷ್ಟಗಳೂ, ಬಲೆಗೆ ಸಿಗುವ ಅದೃಷ್ಟವೂ ಎರಡು ತಂಡಗಳಿಗೂ ಒಂದೇ. ವ್ಯತ್ಯಾಸವೆಂದರೆ ಕೆಂಪಿನವು ಅದಕ್ಕೆ ಮೊದಲು ಇನ್ನೊಂದು ವರ್ಷ ಹೊಳೆಯಲ್ಲಿ ಕಳೆದಿದ್ದವು. ಆದ್ದರಿಂದ 15ನ್ನು ಮೂವತ್ತೇಳೂವರೆಯಿಂದ ಭಾಗಿಸಿದರೆ ಬರುವ ಹತ್ತರಲ್ಲಿ ನಾಲ್ಕು ಎಂಬುದೇ ಆ ಮೊದಲ ವರ್ಷದ ಉಳಿವು. ಬಲೆಯ ಕೊರತೆಯೆಲ್ಲ ಭಾಗಾಕಾರದಲ್ಲಿ ತಾನಾಗಿಯೇ ಕಳೆದುಹೋಯಿತು! ಇಲ್ಲಿಯ ಅಂಕಿಗಳು ಕೇವಲ ಉದಾಹರಣೆಗೆ. ತರ್ಕವನ್ನು ವಿಸ್ತರಿಸಿ, ಎಷ್ಟು ವರ್ಷಗಳಿಗಾದರೂ ಅನ್ವಯಿಸುವಂತೆ ಸೂತ್ರರೂಪಕ್ಕೆ ತಂದವರು 1964ರಲ್ಲಿ ಕಾರ್ಮ್ಯಾಕ್, 1965ರಲ್ಲಿ ಒಬ್ಬರಿಗೊಬ್ಬರು ಸ್ವತಂತ್ರವಾಗಿ ಜಾಲಿ ಮತ್ತು ಸೆಬರ್. ಈ ಮೂವರ ಹೆಸರಿನ ವಿಧಾನವೇ ಇಂದಿಗೂ ಕಾಡುಟ್ರೌಟಿನ ಉಳಿವನ್ನು ಅಂದಾಜು ಮಾಡುವುದಕ್ಕೆ ಅಡಿಪಾಯ.

ಆದರೆ ಈ ಸೂತ್ರದಲ್ಲಿ ಒಂದು ಕುರುಡು ಇದೆ; ಮುಂಬಯಿಯ ಕನ್ನಡಿಗರು ಅದನ್ನು ವಿಶೇಷವಾಗಿ ಗಮನಿಸಬೇಕು. ಹೊಳೆಯಿಂದ ಮರೆಯಾದ ಮೀನು ಸತ್ತಿತೋ, ಬೇರೆ ಹೊಳೆಗೆ ಹೊರಟುಹೋಯಿತೋ ಎಂಬುದನ್ನು ಸೂತ್ರ ಬೇರ್ಪಡಿಸಲಾರದು. ಎರಡೂ ಒಂದೇ ಕಾಲಂನಲ್ಲಿ ಬೀಳುತ್ತವೆ. ಅದಕ್ಕೇ ಶಾಸ್ತ್ರಜ್ಞರು ಬಂದ ಉತ್ತರವನ್ನು ‘ತೋರಿಕೆಯ ಉಳಿವು’ ಎಂದು ಎಚ್ಚರಿಕೆಯಿಂದ ಕರೆಯುತ್ತಾರೆ. ನಮ್ಮ ಬ್ಯಾಂಕುಗಳಲ್ಲಿ ವ್ಯವಹಾರವಿಲ್ಲದೆ ನಿಂತ ಖಾತೆಗಳದ್ದೂ ಇದೇ ಪಾಡು. ಹತ್ತು ವರ್ಷ ಯಾರೂ ಮುಟ್ಟದ ಠೇವಣಿ 2014ರಿಂದೀಚೆಗೆ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ. ಖಾತೆದಾರ ತೀರಿಕೊಂಡನೋ, ಉಡುಪಿಯಿಂದ ಗೋರೆಗಾಂವಿಗೆ ಬಂದು ಹೊಸ ಖಾತೆ ತೆರೆದನೋ ಲೆಡ್ಜರಿಗೆ ತಿಳಿಯದು. ಹಕ್ಕುದಾರ ಬಂದರೆ ಹಣ ಸಿಗುತ್ತದೆ, ಅದು ಬೇರೆ ಮಾತು. ಊರಿನ ಪಟ್ಟಿಯಲ್ಲಿ ಹೆಸರು ಕಾಣದ ಕನ್ನಡಿಗನನ್ನು ಕನ್ನಡಕ್ಕೆ ನಷ್ಟವೆಂದು ಬರೆಯುವ ಅಭ್ಯಾಸ ನಮ್ಮ ಕೆಲವು ಲೇಖಕರಲ್ಲಿಯೂ ಇದೆ. ಒಂದೇ ಹೊಳೆಯಲ್ಲಿ ಬಲೆ ಬೀಸಿ ಎಣಿಸಿದರೆ ಬರುವ ಉತ್ತರ ಅದು. ಮೀನುಶಾಸ್ತ್ರಜ್ಞರು ಈಗ ಕಿರುಹೊಳೆಗಳ ಬಾಯಲ್ಲಿಯೂ ಬಲೆಯನ್ನೋ, ವಿದ್ಯುತ್ ಗುರುತನ್ನು ಗ್ರಹಿಸುವ ಯಂತ್ರವನ್ನೋ ಇಟ್ಟು ಹೋದವನ್ನು ಬೇರೆಯಾಗಿ ಲೆಕ್ಕಹಾಕುತ್ತಾರೆ.

ಎರಡು ಬಲೆಗಳ ಈ ತರ್ಕವನ್ನು ಮತ್ತೆ ಮನುಷ್ಯನತ್ತ ತಿರುಗಿಸಿದವರಲ್ಲಿ ಒಬ್ಬ ಭಾರತೀಯರು ಅಗ್ರಗಣ್ಯರು. ಸಿ. ಚಂದ್ರಶೇಖರನ್ ಅವರು ಅಮೆರಿಕದ ಡೆಮಿಂಗ್ ಅವರೊಡನೆ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಲ್ಕತ್ತೆಯ ಬಳಿಯ ಸಿಂಗೂರ್ ಪ್ರದೇಶದ ಜನನಮರಣಗಳನ್ನು ಎರಡು ಪಟ್ಟಿಗಳಿಂದ ಅಳೆದರು. ಒಂದು ಪಟ್ಟಿ ಸರಕಾರಿ ನೋಂದಣಿಯದು, ಇನ್ನೊಂದು ಮನೆಮನೆಗೆ ಹೋಗಿ ಕೇಳಿದ್ದು. ಎರಡರಲ್ಲಿಯೂ ಸಿಕ್ಕ ಹೆಸರು ಗುರುತಿನ ಮೀನಿಗೆ ಸಮಾನ; ಅದರಿಂದ ಎರಡರಲ್ಲಿಯೂ ಸಿಗದವರ ಸಂಖ್ಯೆಯನ್ನು ತರ್ಕಿಸಬಹುದು. ಇದೇ ಚಂದ್ರಶೇಖರನ್ ಮುಂದೆ ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಬೆಂಗಳೂರಿನಲ್ಲಿಯೂ ನಡೆದ ಜನಸಂಖ್ಯಾ ಸಮೀಕ್ಷೆಯ ಹೊಣೆ ಹೊತ್ತರು; 1961ರಲ್ಲಿ ವಿಶ್ವಸಂಸ್ಥೆ ಅದನ್ನು ‘ಮೈಸೂರ್ ಪಾಪ್ಯುಲೇಶನ್ ಸ್ಟಡಿ’ ಎಂದು ಪ್ರಕಟಿಸಿತು. ಚೆಂಬೂರಿನಲ್ಲಿ 1956ರಲ್ಲಿ ಆರಂಭವಾದ ಜನಸಂಖ್ಯಾ ತರಬೇತಿ ಹಾಗೂ ಸಂಶೋಧನ ಕೇಂದ್ರಕ್ಕೂ ಅವರು ನಿರ್ದೇಶಕರಾಗಿದ್ದರು. ಇಂದು ದೇವನಾರಿನಲ್ಲಿರುವ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಅದೇ. ಗೋರೆಗಾಂವಿನಿಂದ ಒಂದು ಗಂಟೆಯ ಪ್ರಯಾಣದೊಳಗೆ ಈ ಪರಂಪರೆಯ ಒಂದು ಮನೆಯಿದೆಯೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿರಲಾರದು.

ಮರಳಿ ನಮ್ಮ ಹೊಳೆಗಳಿಗೆ ಬರೋಣ. ಕನ್ನಡನಾಡಿನಲ್ಲಿ ಟ್ರೌಟಿನ ಸ್ಥಾನದಲ್ಲಿರುವುದು ಮಹಸೀರ್. ಶೃಂಗೇರಿಯ ತುಂಗೆಯ ಘಟ್ಟದಲ್ಲಿ, ಬೆಳ್ತಂಗಡಿ ತಾಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನೆಂದು ಪೂಜೆಗೊಳ್ಳುವುದು ಈ ಕುಲವೇ. ಕಾನೂನಿಗಿಂತ ಹಳೆಯದಾದ ಈ ರಕ್ಷಣೆಯನ್ನು ನಾನು ಗೌರವಿಸುತ್ತೇನೆ. ಆದರೆ ಅಕ್ಕಿ, ಮಂಡಕ್ಕಿ ಬೀಳುವ ಮೆಟ್ಟಿಲ ಬಳಿ ಮೀನು ಕಿಕ್ಕಿರಿದಿರುವುದನ್ನು ಕಂಡು ಹೊಳೆಯೆಲ್ಲ ಸಮೃದ್ಧವೆನ್ನುವುದು, ಮದುವೆಮನೆಯ ಪಂಕ್ತಿಯನ್ನು ನೋಡಿ ಊರಿನ ಜನಗಣತಿ ಬರೆದಂತೆ. ಪ್ರತಿಯೊಂದು ಮೀನೂ ಬಲೆಗೆ ಸಿಗುವ ಸಂಭವ ಸಮಾನವಾಗಿರಬೇಕು ಎಂಬುದು ಸೂತ್ರದ ಮೊದಲ ಕರಾರು. 1996ರಲ್ಲಿ ಶಿಶಿಲದ ಹೊಳೆಗೆ ಯಾರೋ ವಿಷ ಬೆರೆಸಿದಾಗ ಸಾವಿರಾರು ಮೀನು ಸತ್ತು ತೇಲಿದವು. ಊರವರು ಅವುಗಳಿಗೆ ಸ್ಮಾರಕವನ್ನೇ ಕಟ್ಟಿದರು. ಸತ್ತವು ಕಣ್ಣಿಗೆ ಬಿದ್ದವು. ಬದುಕಿದ್ದಾಗ ಎಷ್ಟಿದ್ದವೆಂಬುದರ ಲೆಕ್ಕವಿದ್ದಿದ್ದರೆ ನಷ್ಟ ಎಷ್ಟನೆಯ ಪಾಲು, ಅದು ತುಂಬಲು ಎಷ್ಟು ವರ್ಷ ಎಂದು ಹೇಳಬಹುದಾಗಿತ್ತು.

ಲೆಕ್ಕ ದೊರೆತ ಒಂದು ಸ್ಥಳವೆಂದರೆ ಕಾವೇರಿಯ ಗಾಳಿಬೋರೆ. ಮೈಸೂರಿನ ವ್ಯಾನ್ ಇಂಗೆನ್ 1946ರಲ್ಲಿ 120 ಪೌಂಡಿನ ಮಹಸೀರನ್ನು ಹಿಡಿದು ದಾಖಲೆ ಸ್ಥಾಪಿಸಿದ್ದು ಈ ನದೀಕಣಿವೆಯಲ್ಲಿಯೇ. ಗಾಳಿಬೋರೆಯ ಶಿಬಿರದಲ್ಲಿ ಮೀನನ್ನು ಹಿಡಿದು, ತೂಗಿ, ಮರಳಿ ಬಿಡುವ ಪದ್ಧತಿಯಿತ್ತು. ಹಿಡಿದದ್ದನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಪಿಂಡರ್, ರಾಜೀವ್ ರಾಘವನ್, ಬ್ರಿಟನ್ ಎಂಬ ಸಂಶೋಧಕರು 2015ರಲ್ಲಿ ವಿಶ್ಲೇಷಿಸಿದರು. 23,000ಕ್ಕೂ ಹೆಚ್ಚು ಗಂಟೆಗಳ ಗಾಳಗಾರಿಕೆ, 6,000ಕ್ಕೂ ಹೆಚ್ಚು ಮೀನು. ಗಂಟೆಗೆ ಸಿಗುವ ಮೀನಿನ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು! ಮೇಲುನೋಟಕ್ಕೆ ಸಂತೋಷದ ಸುದ್ದಿ. ಜಾತಿವಾರು ಬಿಡಿಸಿ ನೋಡಿದಾಗ ತಿಳಿದದ್ದೇ ಬೇರೆ. ಏರಿದ್ದು ನೀಲಿರೆಕ್ಕೆಯ ಮಹಸೀರ್. ಅದರ ತೂಕ ಚಿಕ್ಕದು. ಕಾವೇರಿಗೆ ಮೂಲನಿವಾಸಿಯಾದ ಗೂನುಬೆನ್ನಿನ ದೈತ್ಯ ಮಹಸೀರ್ ಪುಟದಿಂದ ಪುಟಕ್ಕೆ ಮರೆಯಾಗುತ್ತಿತ್ತು.

ಈ ನೀಲಿರೆಕ್ಕೆಯ ಮೀನು ಬಂದದ್ದೆಲ್ಲಿಂದ? ಮುಂಬಯಿಗೆ ವಿದ್ಯುತ್ತು ಕೊಡುವ ಟಾಟಾ ಕಂಪನಿ ಲೋಣಾವಳದ ತನ್ನ ಕೆರೆಗಳ ಬಳಿ 1970ರ ದಶಕದಿಂದ ಮಹಸೀರಿನ ಮರಿಗಳನ್ನು ಬೆಳೆಸಿ, ಸದುದ್ದೇಶದಿಂದಲೇ, ದೇಶದ ನಾನಾ ಭಾಗಗಳಿಗೆ ಕಳಿಸಿಕೊಟ್ಟಿತು. ಕಾವೇರಿಗೂ ಅವು ಬಂದವು. ಬಿಟ್ಟ ಮರಿಗಳ ಲೆಕ್ಕವಿತ್ತು. ಅವುಗಳಿಗೆ ಎಡೆಮಾಡಿಕೊಟ್ಟು ಹಿಂದೆ ಸರಿದದ್ದು ಯಾವುದೆಂಬ ಲೆಕ್ಕವಿರಲಿಲ್ಲ. 2018ರಲ್ಲಿ ಗೂನುಬೆನ್ನಿನ ಮಹಸೀರ್, ಪಂಬಾರ್ ಹೊಳೆಯ ಮೀನನ್ನು ನೋಡಿ ಹಿಂದೆಯೇ ವಿವರಿಸಲಾಗಿದ್ದ ‘ಟೋರ್ ರೆಮಾದೇವಿ’ ಎಂಬ ಜಾತಿಯೇ ಎಂದು ಗುರುತಿಸಲಾಯಿತು. ಅದೇ ವರ್ಷ ಅಳಿವಿನ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಗೂ ಅದು ಸೇರಿತು.

ಈ ಮೀನು ಇನ್ನೂ ಉಳಿದಿರುವ ನೀರುಗಳಲ್ಲಿ ಮುಖ್ಯವಾದದ್ದು ಮೋಯಾರ್. ನೀಲಗಿರಿಯ ಪೈಕಾರಾ ಹೊಳೆಯೇ ಕೆಳಗಿಳಿದು, ಬಂಡೀಪುರದ ಕಾಡಿನ ಅಂಚನ್ನು ಸವರಿ, ಮೋಯಾರ್ ಎಂಬ ಹೆಸರಿನಿಂದ ಭವಾನಿಯನ್ನು ಸೇರುತ್ತದೆ. ಮೇಲಿನ ತಣ್ಣೀರಿನಲ್ಲಿ ಸಾಗರದಾಚೆಯಿಂದ ಬಂದ ಟ್ರೌಟಿನ ಬೀಡು, ಕೆಳಗಿನ ಕಣಿವೆಯಲ್ಲಿ ಮೂಲನಿವಾಸಿಯ ಕೊನೆಯ ನೆಲೆ. ಕಾವೇರಿಯ ವನ್ಯಜೀವಿಧಾಮದಲ್ಲಿ 2012ರಲ್ಲಿ ಗಾಳ ನಿಂತುಹೋದ ಮೇಲೆ ಗಾಳಿಬೋರೆಯ ಪುಸ್ತಕವೂ ಮುಚ್ಚಿತು. ಮೋಯಾರಿನಲ್ಲಿ ಗುರುತು ಹಾಕಿ ಎಣಿಸಬೇಕಾದರೆ ಮೊದಲು ಹಿಡಿಯಬೇಕು. ಹಿಡಿದ ಕೈಯಲ್ಲಿ ಹತ್ತರಲ್ಲೊಂದು ಸತ್ತರೂ ಉಳಿದವರ ಪಾಲಿಗೆ ಅದು ದೊಡ್ಡ ನಷ್ಟ. ನೀರನ್ನು ಮಾತ್ರ ಮೊಗೆದು, ಅದರಲ್ಲಿ ಮೀನು ಬಿಟ್ಟುಹೋದ ವಂಶವಾಹಿಯ ಕಣಗಳನ್ನು ಪರೀಕ್ಷಿಸುವ ಹೊಸ ಪದ್ಧತಿಯಿಂದ ಮೀನಿದೆಯೆ ಇಲ್ಲವೆ ಎಂದು ತಿಳಿಯಬಹುದು. ಎಷ್ಟಿದೆ, ಎಷ್ಟು ವರ್ಷ ಬದುಕುತ್ತದೆ ಎಂಬುದಕ್ಕೆ ಅದರಿಂದ ಉತ್ತರ ಸಿಗುವುದು ಕಷ್ಟ. ಸದ್ಯಕ್ಕೆ ಶಾಸ್ತ್ರಜ್ಞರು ಈ ಎರಡರ ನಡುವೆ ದಾರಿ ಹುಡುಕಬೇಕಾಗಿದೆ.